ನಮಗೇ ಯಾಕೆ ಹೆಚ್ಚು ಕಾಯಿಲೆ?

(ಕಲಿಕಾ ಕೇಂದ್ರದ ಅಕ್ಕತಂಗಿಯರ ಸಭೆಯಲ್ಲಿ ಆಡಿದ ಮಾತು)

ಅಕ್ಕಂದಿರೇ, ತಂಗಿಯರೇ, ಅವ್ವಂದಿರೇ,



ಇಷ್ಟು ದಿನ ನಾವೆಲ್ಲ ಸೇರಿ ಅಕ್ಷರ ಕಲಿತೆವು. ನಮ್ಮ ಹೆಸರು ಬರೆದೆವು. ಬಸ್ಸಿನ ಬೋರ್ಡು ಓದಿದೆವು. ರೇಷನ್ ಕಾರ್ಡಿನಲ್ಲಿ ಎಷ್ಟು ಕಿಲೋ ಬರೆದಿದ್ದಾರೆ ಅಂತ ನೋಡಿದೆವು. ಇವತ್ತು ಆರೋಗ್ಯದ ಮಾತು ಆಡೋಣ.

ಆರೋಗ್ಯದ ಮಾತು ಅಂದ ಕೂಡಲೆ ನೀವು ಒಬ್ಬರ ಮುಖ ಒಬ್ಬರು ನೋಡಿ ನಗುತ್ತೀರಿ. ಯಾಕೆ ಅಂತ ನಮಗೆ ಗೊತ್ತು. ಕೈ ತೊಳೀರಿ, ಉಗುರು ಕತ್ತರಿಸಿ, ನೀರು ಕಾಯಿಸಿ ಕುಡೀರಿ, ಸೊಪ್ಪು ತಿನ್ನಿ, ಹಾಲು ಕುಡೀರಿ ಅಂತ ಹೇಳುವವರು ಬಹಳ ಮಂದಿ ಬಂದು ಹೋಗಿದ್ದಾರೆ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ನೀರು ಕಾಯಿಸಲು ಸೌದೆ ಬೇಕು. ಕೈ ತೊಳೆಯಲು ಮನೆಯ ಹತ್ತಿರ ನೀರು ಬೇಕು. ಹಾಲು ಕುಡಿಯಲು ದುಡ್ಡು ಬೇಕು. ಹಸು ಸಾಕಿದ ಮನೆಯಲ್ಲೂ ಹಾಲು ಡೇರಿಗೆ ಹೋಗುತ್ತದೆ, ಚಹಾಕ್ಕೆ ಒಂದು ಹನಿ ಉಳಿಯುತ್ತದೆ. ಇದನ್ನು ಯಾರೂ ಕೇಳಿಕೊಂಡು ಹೋಗಲಿಲ್ಲ.

ಅದಕ್ಕೇ ಇವತ್ತು ನಾವು ಬೇರೆ ಕಡೆಯಿಂದ ಶುರು ಮಾಡೋಣ. ಯಾವ ಕಾಯಿಲೆಗೆ ಯಾವ ಮದ್ದು ಅನ್ನುವ ಮಾತು ಬೇಡ. ಕಾಯಿಲೆ ಯಾರ ಮನೆಗೆ ಹೆಚ್ಚು ಬರುತ್ತದೆ? ಯಾಕೆ ಬರುತ್ತದೆ? ಅದನ್ನು ಕೇಳೋಣ.

ಒಂದು ಊರು ಅಂತ ಇಟ್ಟುಕೊಳ್ಳಿ. ಇಬ್ಬರು ಹೆಂಗಸರು. ಇಬ್ಬರಿಗೂ ಜ್ವರ ಬಂತು. ಒಬ್ಬಾಕೆಯ ಮನೆಯಲ್ಲಿ ನಲ್ಲಿ ಇದೆ, ಕಕ್ಕಸು ಇದೆ, ಮಗನ ಬೈಕು ಇದೆ. ಆಕೆ ಅವತ್ತೇ ಆಸ್ಪತ್ರೆಗೆ ಹೋದಳು. ಎರಡು ದಿನ ಮಲಗಿದಳು. ಮೂರನೇ ದಿನ ಎದ್ದಳು. ಇನ್ನೊಬ್ಬಾಕೆ ಕಳೆ ಕೀಳಲು ಹೋಗುವವಳು. ಹೋಗದಿದ್ದರೆ ಅವತ್ತಿನ ಕೂಲಿ ಇಲ್ಲ. ಜ್ವರದ ಮಾತ್ರೆ ಒಂದು ಅಂಗಡಿಯಲ್ಲಿ ಕೊಂಡಳು, ನುಂಗಿದಳು, ಹೊಲಕ್ಕೆ ಹೋದಳು. ಬಂದು ನೀರು ಹೊತ್ತಳು, ರೊಟ್ಟಿ ಬಡಿದಳು. ಎಂಟು ದಿನಕ್ಕೆ ನೆಲ ಹಿಡಿದಳು. ಆಮೇಲೆ ಬಾಡಿಗೆ ಜೀಪು, ಖಾಸಗಿ ಆಸ್ಪತ್ರೆ, ಬಾಟಲಿ, ಸಾಲ.

ಜ್ವರ ಇಬ್ಬರಿಗೂ ಒಂದೇ. ಬದುಕು ಒಂದೇ ಅಲ್ಲ.

ಈಗ ಊರು ಬಿಟ್ಟು ದೊಡ್ಡ ಲೆಕ್ಕಕ್ಕೆ ಹೋಗೋಣ. ನೀವು ಅಂಕಿ ಕಲಿತಿದ್ದೀರಿ, ಹೆದರಬೇಡಿ. ಒಂದು ಸಾವಿರ ಮಕ್ಕಳು ಹುಟ್ಟಿದವು ಅಂತ ಇಟ್ಟುಕೊಳ್ಳಿ. ಒಂದು ವರ್ಷ ತುಂಬುವ ಮೊದಲೇ ಎಷ್ಟು ಮಕ್ಕಳು ತೀರಿಕೊಳ್ಳುತ್ತವೆ? ಸರ್ಕಾರ ಈ ಲೆಕ್ಕ ತೆಗೆಯುತ್ತದೆ. 2020ರ ಲೆಕ್ಕ ಹೀಗಿತ್ತು. ಕೇರಳದಲ್ಲಿ 6. ನಮ್ಮ ಕರ್ನಾಟಕದಲ್ಲಿ 19. ಮಧ್ಯಪ್ರದೇಶದಲ್ಲಿ 43. ಇಡೀ ದೇಶದ ಸರಾಸರಿ 28.

ಕೇರಳದ ತಾಯಂದಿರ ಎದೆಹಾಲು ಬೇರೆಯೇ? ಮಧ್ಯಪ್ರದೇಶದ ತಾಯಂದಿರಿಗೆ ಮಕ್ಕಳ ಮೇಲೆ ಪ್ರೀತಿ ಇಲ್ಲವೇ? ಹಾಗಲ್ಲ ಅಂತ ನಿಮಗೇ ಗೊತ್ತು. ಮಗು ಎಲ್ಲಿ ಹುಟ್ಟಿತು, ಯಾರ ಮನೆಯಲ್ಲಿ ಹುಟ್ಟಿತು ಅನ್ನುವುದರ ಮೇಲೆ ಅದು ಉಳಿಯುವುದೋ ಬಿಡುವುದೋ ನಿಂತುಬಿಟ್ಟಿದೆ.

ನಮ್ಮ ರಾಜ್ಯದ ಒಳಗೂ ಹೀಗೇ ಇದೆ. ಡಾ. ಡಿ.ಎಂ. ನಂಜುಂಡಪ್ಪ ಅನ್ನುವ ಅರ್ಥಶಾಸ್ತ್ರಜ್ಞರು ಇದ್ದರು. ರಾಜ್ಯದಲ್ಲಿ ಯಾವ ತಾಲೂಕು ಮುಂದಿದೆ, ಯಾವುದು ಹಿಂದಿದೆ ಅಂತ ನೋಡಲು ಸರ್ಕಾರ ಅವರ ಸಮಿತಿ ಮಾಡಿತು. 2002ರಲ್ಲಿ ಅವರು ವರದಿ ಕೊಟ್ಟರು. ಆಗ ಇದ್ದ ತಾಲೂಕು 175. ಅದರಲ್ಲಿ 39 ತಾಲೂಕು ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ತಾಲೂಕು ಆಗಿನ ಗುಲ್ಬರ್ಗ ವಿಭಾಗದವು. ಅಂದರೆ ಬೀದರ್, ಗುಲ್ಬರ್ಗ, ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವು. ಎಲ್ಲಕ್ಕಿಂತ ಕೆಳಗೆ ಇದ್ದದ್ದು ರಾಯಚೂರು ಜಿಲ್ಲೆಯ ದೇವದುರ್ಗ.

ಈ ಸೀಮೆಯನ್ನು ಈಗ ಕಲ್ಯಾಣ ಕರ್ನಾಟಕ ಅನ್ನುತ್ತಾರೆ. 2019ರಲ್ಲಿ ಹೆಸರು ಬದಲಾಯಿತು. ಮಕ್ಕಳ ಎತ್ತರ ಅಷ್ಟು ಬೇಗ ಬದಲಾಗಲಿಲ್ಲ. 2019ರಿಂದ 21ರವರೆಗೆ ದೇಶದಲ್ಲೆಲ್ಲ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಮನೆಮನೆಗೆ ಹೋಗಿ ಮಕ್ಕಳ ಎತ್ತರ, ತೂಕ ನೋಡಿದರು. ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕಷ್ಟು ಬೆಳೆದಿರಲಿಲ್ಲ. ಇಡೀ ರಾಜ್ಯದಲ್ಲಿ ಅಂಥ ಮಕ್ಕಳು ನೂರಕ್ಕೆ 35. ಅದೂ ಕಡಿಮೆಯೇನಲ್ಲ.

‘ನಮ್ಮ ಕಡೆಯವರೇ ಹಾಗೆ, ಗಿಡ್ಡ’ ಅಂತ ಕೆಲವರು ಹೇಳುತ್ತಾರೆ. ಇದನ್ನು ನಂಬಬೇಡಿ. ಹೊಟ್ಟೆಯಲ್ಲಿದ್ದಾಗ ತಾಯಿಗೆ ಊಟ ಸಾಲದಿದ್ದರೆ, ಹುಟ್ಟಿದ ಮೇಲೆ ಮತ್ತೆ ಮತ್ತೆ ಭೇದಿಯಾದರೆ ಮಗು ಬೆಳೆಯುವುದಿಲ್ಲ. ತಿಂದದ್ದು ಮೈಗೆ ಹತ್ತುವುದಿಲ್ಲ.

ಊರು, ಓಣಿ, ಮನೆ ಹೇಗಿದೆ ಅನ್ನುವುದರ ಮೇಲೆ ಕಾಯಿಲೆ ನಿಂತಿದೆ ಅನ್ನುವುದು ಹೊಸ ಮಾತೇನಲ್ಲ. ನಿಮ್ಮ ಅಜ್ಜಿಯ ಅಜ್ಜಿ ಇದನ್ನು ಕಂಡಿದ್ದಾಳೆ. ಮನೆಯಲ್ಲಿ ಇಲಿ ಬಿತ್ತು ಅಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು ಅಂತ ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಅದು ಪ್ಲೇಗಿನ ಕಾಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ, ಗಾಳಿ ಬೆಳಕು ಇಲ್ಲದ ಮನೆಗಳಲ್ಲಿ ಜನ ಸತ್ತರು. ವಾಸಿ ಮಾಡುವ ಮದ್ದು ಆಗ ಇರಲಿಲ್ಲ. ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಅಂಥ ಗುಡಿ ಬೆಂಗಳೂರಿನಲ್ಲಿ ಇಂದಿಗೂ ಇವೆ. ಸರ್ಕಾರ ಏನು ಮಾಡಿತು? ಊರಿನ ಹೊರಗೆ ಹೊಸ ಬಡಾವಣೆ ಮಾಡಿತು. ಬಸವನಗುಡಿ, ಮಲ್ಲೇಶ್ವರ. ಅಗಲ ರಸ್ತೆ, ಮರ, ಮನೆಯ ಸುತ್ತ ಜಾಗ, ಕೊಳೆ ಸಾಗಿಸಲು ಮನೆಯ ಹಿಂದೆ ಬೇರೆ ಓಣಿ. ಸೂಜಿ ಮದ್ದು ಒಂದೇ ಸಾಲದು, ಇರುವ ಜಾಗವೇ ಬದಲಾಗಬೇಕು ಅಂತ ಆಗಿನ ಆಡಳಿತಕ್ಕೆ ತಿಳಿದಿತ್ತು. ಆದರೆ ಆ ಬಡಾವಣೆಗೆ ಹೋದವರು ಯಾರು? ಸೈಟು ಕೊಳ್ಳುವ ಶಕ್ತಿ ಇದ್ದವರು. ಬಡವರು ಇಕ್ಕಟ್ಟಿನಲ್ಲೇ ಉಳಿದರು.

ಇವತ್ತಿನ ಮಾತಿಗೆ ಬರೋಣ. ನಮ್ಮ ಹೆಂಗಸರ ದೊಡ್ಡ ಕಾಯಿಲೆ ಯಾವುದು? ಡಾಕ್ಟರು ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡುತ್ತಾರೆ. ‘ಏನಮ್ಮಾ, ಮೈಯಲ್ಲಿ ರಕ್ತವೇ ಇಲ್ಲವಲ್ಲ’ ಅನ್ನುತ್ತಾರೆ. ಹೌದು, ರಕ್ತ ಕಡಿಮೆ. ಎದ್ದರೆ ತಲೆ ಸುತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಮನೆಯವರು ಸೋಮಾರಿ ಅನ್ನುತ್ತಾರೆ. ನಾವೂ ಹಾಗೇ ಅಂದುಕೊಂಡು ಸುಮ್ಮನಾಗುತ್ತೇವೆ.

ಈ ಲೆಕ್ಕ ಕೇಳಿ. 2015-16ರಲ್ಲಿ ಕರ್ನಾಟಕದ ನೂರು ಹೆಂಗಸರಲ್ಲಿ ಸುಮಾರು 45 ಮಂದಿಗೆ ರಕ್ತ ಕಡಿಮೆ ಇತ್ತು. 2019-21ಕ್ಕೆ ಅದು ಸುಮಾರು 48 ಆಯಿತು. ಇಳಿಯಲಿಲ್ಲ, ಏರಿತು! ಅದೇ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿ ಹೆರಿಗೆ ಆಗುವುದು ನೂರಕ್ಕೆ 94ರಿಂದ 97ಕ್ಕೆ ಏರಿತ್ತು. ಅಂದರೆ ಆಸ್ಪತ್ರೆಯ ಬಾಗಿಲಿಗೆ ನಾವು ಹೋಗಿದ್ದೇವೆ. ಕಬ್ಬಿಣದ ಮಾತ್ರೆಯೂ ಕೈಗೆ ಬಂದಿದೆ. ಆದರೂ ರಕ್ತ ಏರಲಿಲ್ಲ. ಯಾಕೆ?

ಮಾತ್ರೆ ನುಂಗಿದರೆ ಹೊಟ್ಟೆ ಕೆಡುತ್ತದೆ, ಮಲ ಕಪ್ಪಾಗುತ್ತದೆ ಅಂತ ಬಿಡುವವರು ಇದ್ದಾರೆ. ಮಲ ಕಪ್ಪಾದರೆ ಹೆದರಬೇಕಿಲ್ಲ, ಮಾತ್ರೆ ಬಿಡಬೇಡಿ. ಹೊಟ್ಟೆ ಬಹಳ ಕೆಟ್ಟರೆ ಸಿಸ್ಟರಿಗೆ ಹೇಳಿ. ಆದರೆ ಮಾತ್ರೆಯದು ಒಂದು ಪಾಲು. ಉಳಿದ ಪಾಲು ಮನೆಯಲ್ಲಿದೆ, ಹೊಲದಲ್ಲಿದೆ, ಪಂಚಾಯಿತಿಯಲ್ಲಿದೆ.

ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಗಂಡಸರು ಉಂಡ ಮೇಲೆ, ಮಕ್ಕಳು ಉಂಡ ಮೇಲೆ, ಅತ್ತೆ ಉಂಡ ಮೇಲೆ ಸೊಸೆ. ಆ ಹೊತ್ತಿಗೆ ಪಲ್ಯ ಮುಗಿದಿರುತ್ತದೆ. ರೊಟ್ಟಿ, ಖಾರ ಉಳಿದಿರುತ್ತದೆ. ಕೊನೆಗೆ ಉಣ್ಣುವವಳಿಗೇ ಪ್ರತಿ ತಿಂಗಳು ಮುಟ್ಟಿನಲ್ಲಿ ರಕ್ತ ಹೋಗುತ್ತದೆ. ಅವಳೇ ಮಗುವನ್ನು ಹೊರಬೇಕು, ಹಾಲೂಡಿಸಬೇಕು.

ಮದುವೆ ಯಾವಾಗ ಆಯಿತು? ನಮ್ಮ ರಾಜ್ಯದಲ್ಲಿ 20ರಿಂದ 24 ವರ್ಷದ ನೂರು ಹೆಂಗಸರಲ್ಲಿ 21 ಮಂದಿಗೆ 18 ತುಂಬುವ ಮೊದಲೇ ಮದುವೆ ಆಗಿತ್ತು ಅಂತ ಅದೇ ಸಮೀಕ್ಷೆ ಹೇಳಿತು. ತನ್ನ ಮೈಯೇ ಬೆಳೆಯುತ್ತಿರುವ ಹುಡುಗಿ ಇನ್ನೊಂದು ಜೀವಕ್ಕೆ ರಕ್ತ ಎಲ್ಲಿಂದ ತರುತ್ತಾಳೆ? ಬಾಲ್ಯವಿವಾಹ ತಡೆಯುವ ಕಾನೂನು 2006ರಲ್ಲಿ ಬಂತು. ಕರ್ನಾಟಕ ಅದನ್ನು ಇನ್ನೂ ಬಿಗಿ ಮಾಡಿತು. ಇಲ್ಲಿ ನಡೆದ ಬಾಲ್ಯವಿವಾಹ ಮೊದಲಿಂದಲೇ ಊರ್ಜಿತ ಅಲ್ಲ ಅಂತ ತಿದ್ದುಪಡಿ ತಂದಿತು. ಆದರೆ ಹೈಸ್ಕೂಲು ಆರು ಮೈಲಿ ದೂರ ಇದ್ದರೆ, ದಾರಿಯಲ್ಲಿ ಹುಡುಗಿಗೆ ಭಯ ಇದ್ದರೆ, ಮನೆಯವರು ಶಾಲೆ ಬಿಡಿಸುತ್ತಾರೆ. ಶಾಲೆ ಬಿಟ್ಟ ಹುಡುಗಿಗೆ ಗಂಡು ಹುಡುಕುತ್ತಾರೆ. ಹೀಗಾಗಿ ಊರಿಗೆ ಬರುವ ಬೆಳಗಿನ ಬಸ್ಸು ಕೂಡ ರಕ್ತದ ಮದ್ದೇ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇವೆ.

ಇನ್ನು ಕಕ್ಕಸು. 2019ರ ಅಕ್ಟೋಬರ್ 2ರಂದು ನಮ್ಮ ದೇಶದಲ್ಲಿ ಬಯಲಿಗೆ ಹೋಗುವುದು ನಿಂತಿತು ಅಂತ ಸಾರಿದರು. ಆ ಹೊತ್ತಿನ ಸಮೀಕ್ಷೆಯಲ್ಲೇ ಕರ್ನಾಟಕದಲ್ಲಿ ಒಳ್ಳೆಯ ಶೌಚಾಲಯ ಬಳಸುವವರು ಸುಮಾರು ಮುಕ್ಕಾಲು ಪಾಲು ಜನ ಮಾತ್ರ ಇದ್ದರು. ಉಳಿದ ಕಾಲು ಪಾಲಿನ ಹೆಂಗಸರ ಕಷ್ಟ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾ? ಕತ್ತಲಾಗುವವರೆಗೆ ತಡೆದುಕೊಳ್ಳಬೇಕು. ಅದಕ್ಕಾಗಿ ಹಗಲೆಲ್ಲ ನೀರೇ ಕುಡಿಯುವುದಿಲ್ಲ. ಉರಿಮೂತ್ರ ಬರುತ್ತದೆ. ಬರಿಗಾಲಲ್ಲಿ ಬಯಲು ತುಳಿದರೆ ಕೊಕ್ಕೆಹುಳು ಅಂಗಾಲಿನ ಚರ್ಮದಿಂದ ಒಳಗೆ ಹೋಗುತ್ತದೆ. ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಮಾತ್ರೆ ಕೊಟ್ಟ ರಕ್ತವನ್ನು ಹುಳು ಕುಡಿಯುತ್ತದೆ. ಕಕ್ಕಸು ಕಟ್ಟಿಸಿಕೊಟ್ಟ ಕಡೆಯೂ ನೀರಿಲ್ಲದೆ ಅದು ಸೌದೆ, ಕುಳ್ಳು ತುಂಬುವ ಕೋಣೆ ಆಗಿದೆ. ಕಟ್ಟಿದ ಲೆಕ್ಕ ಬರೆದವರು ನೀರಿನ ಲೆಕ್ಕ ಬರೆಯಲಿಲ್ಲ.

ಕೆಲವು ಕಡೆ ನೀರು ಇದೆ, ಆದರೆ ನೀರಲ್ಲೇ ವಿಷ ಇದೆ. ಪಾವಗಡದ ಕಡೆ, ಕೊಪ್ಪಳ, ರಾಯಚೂರಿನ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆ ಬಾಗುತ್ತದೆ, ಸೊಂಟ ಹಿಡಿಯುತ್ತದೆ. ಈ ನೀರನ್ನು ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಅಲ್ಲಿಯ ಹೆಂಗಸಿಗೆ ನೀರು ಕಾಯಿಸಿ ಕುಡಿ ಅಂತ ಬುದ್ಧಿ ಹೇಳಿ ಏನು ಉಪಯೋಗ? ಅಲ್ಲಿಗೆ ಬೇರೆ ನೀರು ತರಬೇಕು, ಇಲ್ಲವೇ ಶುದ್ಧ ನೀರಿನ ಘಟಕ ನಡೆಯಬೇಕು. ಘಟಕ ಕೆಟ್ಟರೆ ರಿಪೇರಿ ಆಗಬೇಕು. ಇದು ಒಬ್ಬ ತಾಯಿ ತನ್ನ ಅಡಿಗೆ ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಈಗ ಒಂದು ನೋವಿನ ಸಂಗತಿ ಹೇಳಬೇಕು. ಗಂಡಸರು ಯಾರಾದರೂ ಬಾಗಿಲಲ್ಲಿ ನಿಂತಿದ್ದರೆ ಅವರೂ ಕೇಳಲಿ.

ಕಲಬುರಗಿ ಜಿಲ್ಲೆಯಲ್ಲಿ ನಡೆದದ್ದು. ತಾಂಡಾಗಳಲ್ಲಿ ಇರುವ ಲಂಬಾಣಿ ಹೆಂಗಸರು, ದಲಿತ ಕೇರಿಯ ಹೆಂಗಸರು. ಹೊಲದ ಕೂಲಿ, ಗುಳೆ ಹೋಗುವ ಬದುಕು. ಬಿಳಿ ಹೋಗುತ್ತದೆ, ಕಿಬ್ಬೊಟ್ಟೆ ನೋಯುತ್ತದೆ, ಸೊಂಟ ನೋಯುತ್ತದೆ ಅಂತ ಆಸ್ಪತ್ರೆಗೆ ಹೋದರು. ಸರ್ಕಾರಿ ಆಸ್ಪತ್ರೆಯಲ್ಲಿ ಹೆಂಗಸರ ಡಾಕ್ಟರು ಸಿಗುವುದು ಕಷ್ಟ. ಖಾಸಗಿ ಆಸ್ಪತ್ರೆಗೆ ಹೋದರು. ಅಲ್ಲಿ ಏನು ಹೇಳಿದರು? ‘ಗರ್ಭಕೋಶ ಕೆಟ್ಟಿದೆ, ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ’ ಅಂದರು. ಅಕ್ಷರ ಬಾರದ ಹೆಂಗಸರು. ಡಾಕ್ಟರ ಮಾತು ದೇವರ ಮಾತು. ಕಿವಿಯ ಓಲೆ ಮಾರಿದರು, ಸಾಲ ಮಾಡಿದರು. ಚೀಟಿಯ ಮೇಲೆ ಹೆಬ್ಬೆಟ್ಟು ಒತ್ತಿದರು. ಗರ್ಭಕೋಶ ತೆಗೆಸಿಕೊಂಡರು.

ಒಬ್ಬರಲ್ಲ, ಇಬ್ಬರಲ್ಲ. ಮಹಿಳಾ ಸಂಘಟನೆಗಳು ಕೂಗು ಹಾಕಿದ ಮೇಲೆ 2015ರಲ್ಲಿ ಸರ್ಕಾರ ವಿಚಾರಣೆ ಮಾಡಿಸಿತು. ಎರಡೂವರೆ ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಕೋಶ ತೆಗೆದಿದ್ದರು. ಬಹಳ ಮಂದಿಗೆ ಇನ್ನೂ 40 ದಾಟಿರಲಿಲ್ಲ. ಮಾತ್ರೆಯಲ್ಲಿ ವಾಸಿಯಾಗುವ ಸೋಂಕಿಗೆ ಕತ್ತರಿ ಹಾಕಿದ್ದರು. ಸಣ್ಣ ವಯಸ್ಸಿನಲ್ಲಿ ಗರ್ಭಕೋಶದ ಜೊತೆ ಅಂಡಕೋಶವನ್ನೂ ತೆಗೆದರೆ ಮೂಳೆ ಬೇಗ ಸವೆಯುತ್ತದೆ. ಮೈ ಬಿಸಿ ಏರುತ್ತದೆ, ನಿದ್ದೆ ಬರುವುದಿಲ್ಲ. ಕೂಲಿ ಮಾಡುವ ಶಕ್ತಿ ಹೋಗುತ್ತದೆ. ಆದರೆ ಸಾಲ ಹೋಗುವುದಿಲ್ಲ. 2017ರಲ್ಲಿ ಈ ಹೆಂಗಸರು ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿ ಮುಂದೆ ಬಂದು ನ್ಯಾಯ ಕೇಳಿದರು.

ಇದಕ್ಕೆ ಕತ್ತರಿ ಹಿಡಿದವರು ಹೊಣೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟಕ್ಕೇ ನಿಲ್ಲಬೇಡಿ, ಒಂದೊಂದೇ ಹಿಂದಕ್ಕೆ ಹೋಗಿ. ಆ ಸೋಂಕು ಯಾಕೆ ಬಂತು? ಮುಟ್ಟಿನ ಬಟ್ಟೆ ಒಗೆಯಲು ನೀರಿಲ್ಲ, ಬಿಸಿಲಿಗೆ ಒಣಗಿಸಲು ನಾಚಿಕೆ. ಕಕ್ಕಸಿಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹೆಂಗಸರ ಡಾಕ್ಟರು ಇದ್ದಿದ್ದರೆ? ಚೀಟಿಯಲ್ಲಿ ಏನು ಬರೆದಿದೆ ಅಂತ ಓದಲು ಬಂದಿದ್ದರೆ? ಒಂದು ದಿನದ ಕೂಲಿ ಹೋದರೂ ಪರವಾಗಿಲ್ಲ, ಇನ್ನೊಬ್ಬ ಡಾಕ್ಟರನ್ನು ಕೇಳೋಣ ಅನ್ನುವಷ್ಟು ದುಡ್ಡು ಸೆರಗಿನ ಗಂಟಿನಲ್ಲಿ ಇದ್ದಿದ್ದರೆ? ಯಾವುದಾದರೂ ಒಂದು ಇದ್ದಿದ್ದರೂ ಎಷ್ಟೋ ಮಂದಿ ಉಳಿಯುತ್ತಿದ್ದರು.

ಹೀಗೆ ಹೇಳುತ್ತಾ ಹೋದರೆ ನಿಮಗೆ ಎದೆ ಒಡೆಯುತ್ತದೆ. ಎಲ್ಲವೂ ಹಾಳಾಗಿದೆ ಅಂತ ನಾವು ಹೇಳಲು ಬಂದಿಲ್ಲ. ಸರ್ಕಾರ ಮನಸ್ಸು ಮಾಡಿದ ಕಡೆ, ಜನ ಬೆನ್ನು ಹತ್ತಿದ ಕಡೆ ಬದಲಾವಣೆ ಆಗಿದೆ.

ಹೆರಿಗೆಯ ಸಾವನ್ನೇ ನೋಡಿ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಮಕ್ಕಳು ಹುಟ್ಟಿದರೆ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. ಇದು ಸಣ್ಣ ಮಾತಲ್ಲ. ಯಾವ ಒಂದು ಮದ್ದಿನಿಂದಲೂ ಆದದ್ದಲ್ಲ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಯಿತು. ಊರೂರಿಗೆ ಆಶಾ ಕಾರ್ಯಕರ್ತೆ ಬಂದಳು. ಬಡ ಬಸುರಿ ಹೆಂಗಸು ಆಸ್ಪತ್ರೆಗೆ ಬಂದರೆ ಕೈಗೆ ಸ್ವಲ್ಪ ದುಡ್ಡು ಕೊಟ್ಟರು. 2008ರ ನವೆಂಬರಿನಲ್ಲಿ 108 ಗಾಡಿ ಬಂತು. ಬಾಡಿಗೆ ಜೀಪಿಗೆ ಕಾಯುವುದು ತಪ್ಪಿತು. ರಸ್ತೆ ಆಯಿತು. ಹೌದು, ಡಾಕ್ಟರೂ ಬೇಕಿತ್ತು. ಆದರೆ ಡಾಕ್ಟರ ಹತ್ತಿರ ಹೋಗುವ ದಾರಿ ಮೊದಲು ಬೇಕಿತ್ತು. ಕೇರಳದಲ್ಲಿ ಆಗ ಇದೇ ಲೆಕ್ಕ 19 ಇತ್ತು. ಅಂದರೆ ನಾವು ಇನ್ನೂ ನಡೆಯಬೇಕು. ಈ ಕೆಲಸಕ್ಕೆ ಹೆಗಲು ಕೊಟ್ಟ ಆಶಾ ಅಕ್ಕಂದಿರಿಗೆ ಸಂಬಳ ಅನ್ನದೆ ಗೌರವಧನ ಅನ್ನುತ್ತಾರೆ. ಅದನ್ನು ಹೆಚ್ಚಿಸಿ ಅಂತ ಅವರೂ ಬೀದಿಯಲ್ಲಿ ಕೂರಬೇಕಾಯಿತು. ಅದೂ ಈ ಲೆಕ್ಕದಲ್ಲೇ ಇರಲಿ.

ಇನ್ನೊಂದು, ಶಾಲೆಯ ಊಟ. ಅಕ್ಷರ ದಾಸೋಹ ನಮ್ಮಲ್ಲಿ 2002ರಲ್ಲಿ ಶುರುವಾಯಿತು. ಮೊದಲು ಶುರು ಮಾಡಿದ್ದು ಹಿಂದುಳಿದ ಉತ್ತರದ ಜಿಲ್ಲೆಗಳಲ್ಲಿ, ಆಮೇಲೆ ರಾಜ್ಯದಲ್ಲೆಲ್ಲ. ಹೆಚ್ಚು ಹಸಿದವರಿಗೆ ಮೊದಲ ತಟ್ಟೆ. ಇದು ನ್ಯಾಯದ ಮಾತು.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ದೊಡ್ಡ ಗಲಾಟೆ ಆಯಿತು. ಶಾಲೆಯಲ್ಲಿ ಮೊಟ್ಟೆ ಬೇಡ ಅಂತ ಕೆಲವು ಮಠಗಳವರು, ಸಂಘಟನೆಯವರು ವಿರೋಧ ಮಾಡಿದರು. ಆಗ ಮಕ್ಕಳೇ ಮುಂದೆ ಬಂದು ನಮಗೆ ಮೊಟ್ಟೆ ಬೇಕು ಅಂದರು. ಅವರ ಅವ್ವಂದಿರೂ ಬೇಕು ಅಂದರು. ನಮಗಂತೂ ಮಕ್ಕಳ ಮಾತೇ ಸರಿ ಅನ್ನಿಸುತ್ತದೆ. ತಿನ್ನುವ ಮಗುವಿಗೆ ಕೊಡಲಿ, ತಿನ್ನದ ಮಗುವಿಗೆ ಬಾಳೆಹಣ್ಣು ಇದೆಯಲ್ಲ.

ಆಮೇಲೆ ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ತೂಕ ನೋಡಿದರು. ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನೂ, ಮೊಟ್ಟೆ ಕೊಡದ ಗದಗ ಜಿಲ್ಲೆಯ ಮಕ್ಕಳನ್ನೂ ಹೋಲಿಸಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಅದರಲ್ಲೂ ಎಂಟನೇ ತರಗತಿಯ ಹುಡುಗಿಯರದು ಬಹಳ ಏರಿತ್ತು. ಮುಟ್ಟು ಶುರುವಾಗುವ ವಯಸ್ಸು ಅದು, ರಕ್ತ ಬೇಕಾದ ವಯಸ್ಸು. 2022ರಲ್ಲಿ ಮೊಟ್ಟೆ ರಾಜ್ಯಕ್ಕೆಲ್ಲ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಹಣವೂ ಸೇರಿ ವಾರಕ್ಕೆ ಆರು ದಿನ ಆಯಿತು. ‘ನಮ್ಮ ಕಡೆಯವರೇ ಗಿಡ್ಡ’ ಅಂದವರಿಗೆ ಇದೇ ಉತ್ತರ.

ಎಲ್ಲ ಯೋಜನೆಯೂ ಹೀಗೆ ಸರಾಗ ನಡೆಯುವುದಿಲ್ಲ. ಮಾತೃಪೂರ್ಣ ಯೋಜನೆ ನೆನಪಿದೆಯಾ? 2017ರ ಅಕ್ಟೋಬರ್ 2ರಂದು ರಾಜ್ಯದಲ್ಲೆಲ್ಲ ಬಂತು. ಬಸುರಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿ ಊಟ. ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಆಲೋಚನೆ ಬಹಳ ಒಳ್ಳೆಯದು. ಮನೆಗೆ ಅಕ್ಕಿ ಕೊಟ್ಟರೆ ಅದು ಎಲ್ಲರ ಗಡಿಗೆಗೆ ಹೋಗುತ್ತದೆ, ಸೊಸೆ ಮತ್ತೆ ಕೊನೆಗೇ ಉಣ್ಣುತ್ತಾಳೆ. ಅಂಗನವಾಡಿಯಲ್ಲಿ ಕೂತು ಉಂಡರೆ ಅವಳ ಹೊಟ್ಟೆಗೇ ಹೋಗುತ್ತದೆ. ಆದರೆ ತುಂಬಿದ ಬಸುರಿ ದಿನಾ ಬಿಸಿಲಲ್ಲಿ ನಡೆದು ಬರಬೇಕು. ಬಾಣಂತಿ ಹೊಸ್ತಿಲು ದಾಟಬಾರದು ಅನ್ನುತ್ತಾರೆ ಮನೆಯವರು. ಕೂಲಿಗೆ ಹೋದವಳು ಮಧ್ಯಾಹ್ನ ಹೊಲದಲ್ಲಿರುತ್ತಾಳೆ. ಊಟದ ಹೊತ್ತು, ಊಟದ ಜಾಗ ಗೊತ್ತು ಮಾಡುವ ಮುಂಚೆ ಬಸುರಿಯರನ್ನೇ ಕೂರಿಸಿಕೊಂಡು ಕೇಳಿದ್ದರೆ ಇದು ಮೊದಲೇ ತಿಳಿಯುತ್ತಿತ್ತು. ಯೋಜನೆ ತಪ್ಪಲ್ಲ, ಕೇಳದೆ ಮಾಡಿದ್ದು ತಪ್ಪು.

ಕೂಲಿಯದೂ ಒಂದು ಮಾತು. 2005ರಲ್ಲಿ ಉದ್ಯೋಗ ಖಾತ್ರಿ ಕಾನೂನು ಬಂದಾಗ ಗಂಡಾಳು, ಹೆಣ್ಣಾಳು ಅಂತ ಬೇರೆ ಬೇರೆ ಕೂಲಿ ಇರಲಿಲ್ಲ. ಇಬ್ಬರಿಗೂ ಒಂದೇ. ದುಡ್ಡು ಹೆಂಗಸಿನ ಹೆಸರಿನ ಖಾತೆಗೇ ಬಂತು. ಅದನ್ನು ಆರೋಗ್ಯದ ಯೋಜನೆ ಅಂತ ಯಾರೂ ಕರೆಯಲಿಲ್ಲ. ಆದರೆ ಸಂತೆಯಲ್ಲಿ ತೊಗರಿಬೇಳೆ ಕೊಳ್ಳುವಾಗ ಅದು ಆರೋಗ್ಯವೇ.

ಕೇರಳದ ಮಾತು ಮತ್ತೆ ಬಂತು ನೋಡಿ. ಅಲ್ಲಿ ಏನಿತ್ತು? ದೊಡ್ಡ ಕಾರ್ಖಾನೆಗಳೇನೂ ಇರಲಿಲ್ಲ. ಹೆಣ್ಣುಮಕ್ಕಳು ಬಹಳ ಮೊದಲೇ ಶಾಲೆಗೆ ಹೋದರು. ರೇಷನ್ ಅಂಗಡಿ ಊರೂರಿಗೆ ಇತ್ತು. ಗೇಣಿದಾರರಿಗೆ, ಕೂಲಿಗಳಿಗೆ ಮನೆಯ ಜಾಗ ಸಿಕ್ಕಿತು. 1991ರ ಏಪ್ರಿಲ್ 18ರಂದು ಪೂರ್ಣ ಸಾಕ್ಷರ ರಾಜ್ಯ ಅಂತ ಘೋಷಣೆ ಆಯಿತು. ಇನ್ನೊಂದು ಸಂಗತಿ ನಮಗೆ ಬಹಳ ಹಿಡಿಸಿದ್ದು. ಅಲ್ಲಿ ಊರಿನ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ನಾಲ್ಕು ದಿನ ಇಲ್ಲ ಅಂದರೆ ಜನ ಸುಮ್ಮನೆ ಮನೆಗೆ ಹೋಗುತ್ತಿರಲಿಲ್ಲ. ಕಲೆಕ್ಟರ್ ಕಚೇರಿಗೆ ಹೋಗಿ ಕೇಳುತ್ತಿದ್ದರು ಅಂತ ಅಲ್ಲಿ ಅಧ್ಯಯನ ಮಾಡಿದವರು ಬರೆದಿದ್ದಾರೆ. ನಮ್ಮಲ್ಲಿ ಏನು ಮಾಡುತ್ತೇವೆ? ಬೀಗ ನೋಡಿ, ನಮ್ಮ ಹಣೆಬರಹ ಅಂತ ವಾಪಸು ಬರುತ್ತೇವೆ.

ಕೇಳುವ ಜಾಗ ನಮಗೂ ಇದೆ. 1987ರಲ್ಲೇ ಕರ್ನಾಟಕದ ಪಂಚಾಯಿತಿ ಚುನಾವಣೆಯಲ್ಲಿ ನೂರಕ್ಕೆ 25 ಸ್ಥಾನ ಹೆಂಗಸರಿಗೆ ಇಟ್ಟಿದ್ದರು. ದೇಶದಲ್ಲಿ ಆಗ ಅದು ಹೊಸದು. 2010ರಿಂದ ಅದು ಅರ್ಧಕ್ಕೆ ಬಂತು. ಆ ಅರ್ಧದಲ್ಲಿ ಒಬ್ಬಳು ನಿಮ್ಮ ಓಣಿಯವಳೇ ಇರಬಹುದು. ಅವಳ ಬದಲು ಅವಳ ಗಂಡ ಸಭೆಯಲ್ಲಿ ಕೂತಿದ್ದರೆ, ‘ಮೆಂಬರು ಎಲ್ಲಿ?’ ಅಂತ ನೀವೇ ಕೇಳಿ.

ಊರಿನ ಮಟ್ಟದಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಅಂತ ಒಂದು ಇದೆ. ಹೆಸರು ಉದ್ದ. ಇಂಥ ಸಮಿತಿಗಳಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಕೊಡುವ ಏರ್ಪಾಡು ಆರೋಗ್ಯ ಅಭಿಯಾನದಲ್ಲಿ ಮಾಡಿದರು. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ? ಕೊನೆಯ ಸಲ ಯಾವಾಗ ಸೇರಿತು? ದುಡ್ಡು ಯಾವುದಕ್ಕೆ ಹೋಯಿತು? ಪುಸ್ತಕ ತೋರಿಸಿ ಅಂತ ಕೇಳಬಹುದು. ಈಗ ಓದಲು ಬರುತ್ತದಲ್ಲ.

ಗ್ರಾಮಸಭೆಯಲ್ಲಿ ಕೇಳುವಾಗ ‘ಆರೋಗ್ಯ ಸುಧಾರಿಸಿ’ ಅಂತ ಕೇಳಬೇಡಿ. ಆಗಲಿ ಅಂದು ಬರೆದುಕೊಂಡು ಹೋಗುತ್ತಾರೆ. ಹೆಸರು ಹಿಡಿದು ಕೇಳಿ. ನಮ್ಮ ಕೇರಿಯ ನಲ್ಲಿ ಯಾವ ತಿಂಗಳು ಬರುತ್ತದೆ? ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕಳಿಸಿದ್ದು ಯಾವಾಗ, ಫಲಿತಾಂಶ ಏನು ಬಂತು? ಶಾಲೆಯ ಹುಡುಗಿಯರ ಕಕ್ಕಸಿಗೆ ನೀರಿನ ಟ್ಯಾಂಕು ಯಾಕೆ ಇಟ್ಟಿಲ್ಲ? ಉತ್ತರ ಕೊಟ್ಟದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದದ್ದನ್ನು ಓದಿ ನೋಡಿ. ಆಮೇಲೆ ಸಹಿ ಹಾಕಿ. ಒಬ್ಬಳೇ ಹೋಗಬೇಡಿ. ಹತ್ತು ಮಂದಿ ಹೋಗಿ. ಒಬ್ಬಳು ಎದ್ದು ನಿಂತರೆ ಜಗಳಗಂಟಿ ಅನ್ನುತ್ತಾರೆ, ಹತ್ತು ಮಂದಿ ನಿಂತರೆ ಕುರ್ಚಿ ಹಾಕುತ್ತಾರೆ.

ಮನೆಯ ಒಳಗಿನದು ಇದಕ್ಕಿಂತ ಕಷ್ಟ. ಅತ್ತೆಯರು ಇಲ್ಲಿ ಬಹಳ ಮಂದಿ ಕೂತಿದ್ದೀರಿ. ಸೊಸೆಯನ್ನು ಜೊತೆಗೆ ಕೂರಿಸಿಕೊಂಡು ಉಣ್ಣಿ. ಇದಕ್ಕೆ ಸರ್ಕಾರದ ಆದೇಶ ಬೇಡ, ಅರ್ಜಿ ಬೇಡ.

ಸರಿ, ಮಾತು ಸಾಕು. ಬಸುರಿಯರು, ಬಾಣಂತಿಯರು ತಾಯಿ ಕಾರ್ಡು ತನ್ನಿ ಅಂತ ಹೇಳಿದ್ದೆವು. ತಂದವರು ತೆಗೆಯಿರಿ. ಪಕ್ಕದವರು ಬಗ್ಗಿ ನೋಡಿ. ಅದರಲ್ಲಿ ಹಿಮೋಗ್ಲೋಬಿನ್ ಅಂತ ಒಂದು ಸಾಲು ಇದೆ. ಅದೇ ರಕ್ತದ ಲೆಕ್ಕ. ಅದರ ಮುಂದೆ ಅಂಕಿ ಬರೆದಿರುತ್ತಾರೆ. ಬಸುರಿಯಲ್ಲಿ ಅದು 11 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. 11ಕ್ಕಿಂತ ಕಡಿಮೆ ಇದ್ದರೆ ರಕ್ತ ಸಾಲದು. 7ಕ್ಕಿಂತ ಕಡಿಮೆ ಇದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಂಕಿ ಬರೆಯದೆ ಖಾಲಿ ಬಿಟ್ಟಿದ್ದರೆ ನಾಳೆಯೇ ಸಿಸ್ಟರ ಹತ್ತಿರ ಹೋಗಿ, ಪರೀಕ್ಷೆ ಮಾಡಿಸಿ, ಬರೆಸಿಕೊಳ್ಳಿ.

ಎಲ್ಲಿ, ಈ ಕಡೆಯಿಂದ ಶುರು ಮಾಡೋಣ. ಒಬ್ಬೊಬ್ಬರೇ ನಿಮ್ಮ ಕಾರ್ಡಿನ ಅಂಕಿ ಜೋರಾಗಿ ಓದಿ. ನಾವು ಹಲಗೆಯ ಮೇಲೆ ಬರೆಯುತ್ತೇವೆ.